ಟೆಂಡರ್ ಅಧಿಕಾರಿಗಳು ಬೇರೆ ದೇಶದವರಿಂದ ಕಲಿಯುವುದು ಏನನ್ನು?

ಸರ್ಕಾರ ಜನರ ಹಣದಲ್ಲಿ ಸಾಮಾನು, ಕಾಮಗಾರಿ, ಸೇವೆ ಕೊಳ್ಳುವುದೇ ಸಾರ್ವಜನಿಕ ಸಂಗ್ರಹಣೆ. ಈ ಪಾಠದಲ್ಲಿ ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ: ದೇಶಗಳು ಒಂದರ ಜೊತೆ ಒಂದು ನಿಯಮ ಹಂಚಿಕೊಳ್ಳುವುದು ಬೇರೆ, ಅನುಭವ ಹಂಚಿಕೊಳ್ಳುವುದು ಬೇರೆ.

ನಿಯಮದ ಭಾಗ ಬೇಗ ಮುಗಿಯುತ್ತದೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವಾದ ಅನ್ಸಿಟ್ರಾಲ್ 1994ರಲ್ಲಿ ಒಂದು ಮಾದರಿ ಕಾನೂನು ಕೊಟ್ಟಿತು, 2011ರಲ್ಲಿ ಅದನ್ನು ಪರಿಷ್ಕರಿಸಿತು. ಅದು ಬರೀ ಮಾದರಿ, ಯಾವ ದೇಶ ಬೇಕಾದರೂ ತನಗೆ ಹೊಂದುವಂತೆ ತಿದ್ದಿಕೊಳ್ಳಬಹುದು. ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಸಂಗ್ರಹಣೆ ಒಪ್ಪಂದ ಹಾಗಲ್ಲ, ಸೇರಿದವರು ಪಾಲಿಸಲೇಬೇಕು.

ಆ ಒಪ್ಪಂದದ ಒಂದೇ ಒಂದು ನಿಯಮ ಹಿಡಿದು ನೋಡೋಣ. 2014ರಲ್ಲಿ ಜಾರಿಗೆ ಬಂದ ಪರಿಷ್ಕೃತ ರೂಪದ ಪ್ರಕಾರ ಮುಕ್ತ ಟೆಂಡರಿನಲ್ಲಿ ಬಿಡ್ ಸಲ್ಲಿಸಲು ಸಾಮಾನ್ಯವಾಗಿ ಕನಿಷ್ಠ 40 ದಿನ ಕೊಡಬೇಕು. ಪ್ರಕಟಣೆ, ಟೆಂಡರ್ ದಾಖಲೆ, ಬಿಡ್ ಸ್ವೀಕಾರ ಮೂರೂ ಆನ್‌ಲೈನ್‌ನಲ್ಲಿ ನಡೆದರೆ ಒಂದೊಂದಕ್ಕೆ 5 ದಿನ ಇಳಿಸಬಹುದು, ಅಲ್ಲಿಗೆ 25 ದಿನ. ಅಂಕಿ ಬಾಯಿಪಾಠ ಮಾಡುವುದು ಸುಲಭ, ಅಲ್ವಾ? ಅದರ ಬೆಲೆ ಗೊತ್ತಾಗುವುದು ಬೇರೆ ಬೇರೆ ದೇಶದ ಇಬ್ಬರು ಅಧಿಕಾರಿಗಳು ಎದುರುಬದುರು ಕೂತಾಗ. ಒಬ್ಬರು "ನಮ್ಮಲ್ಲಿ ಯಾವಾಗಲೂ ಒಂದೇ ಬಿಡ್ ಬರುತ್ತೆ" ಅಂತಾರೆ ಅಂದುಕೊಳ್ಳಿ. ಇನ್ನೊಬ್ಬರು "ಎಷ್ಟು ದಿನ ಕೊಡ್ತೀರಿ?" ಅಂತ ಕೇಳ್ತಾರೆ. "ಏಳು ದಿನ." ಏಳು ದಿನದಲ್ಲಿ ದಾಖಲೆ ಓದಿ, ಬೆಲೆ ಲೆಕ್ಕ ಹಾಕಿ, ಬ್ಯಾಂಕ್ ಗ್ಯಾರಂಟಿ ತರಲು ಆಗುವುದು ಮೊದಲೇ ಸುದ್ದಿ ಗೊತ್ತಿದ್ದವನಿಗೆ ಮಾತ್ರ.

ಬಿಡ್‌ದಾರರು ಒಳಗೊಳಗೇ ಕೂಡಿಕೊಂಡಿದ್ದಾರಾ ಅಂತ ಕಂಡುಹಿಡಿಯುವುದೂ ಹೀಗೇ. ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ 2009ರಲ್ಲಿ ಇದಕ್ಕೊಂದು ಮಾರ್ಗಸೂಚಿ ತಂದಿತು, ಅದರಲ್ಲಿರುವ ಗುರುತುಗಳು ಬಹಳ ಸರಳ. ಬೇರೆ ಬೇರೆ ಕಂಪನಿಗಳ ಬಿಡ್‌ಗಳಲ್ಲಿ ಒಂದೇ ಕಾಗುಣಿತ ತಪ್ಪು, ಒಂದೇ ಲೆಕ್ಕದ ತಪ್ಪು, ಒಂದೇ ಕೈಬರಹ. ನನಗೆ ತುಂಬಾ ಇಷ್ಟವಾದ ಭಾಗ ಇದು, ಏಕೆಂದರೆ ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ಎರಡು ಬಿಡ್ ಪಕ್ಕಪಕ್ಕ ಇಟ್ಟು ಓದುವ ಕಣ್ಣು ಬೇಕು, ಮತ್ತು ಆ ಕಣ್ಣು ಪಳಗುವುದು ಇಂಥದ್ದನ್ನು ಮೊದಲೇ ಹಿಡಿದವರ ಜೊತೆ ಕೂತಾಗ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ದಕ್ಷಿಣ ಕೊರಿಯಾ 2002ರಲ್ಲಿ ಶುರು ಮಾಡಿದ ಇ-ಸಂಗ್ರಹಣೆ ವ್ಯವಸ್ಥೆ ಕೋಸ್ಟರಿಕಾ, ಮಂಗೋಲಿಯಾ ತನಕ ಹೋಯಿತು. ಉಕ್ರೇನ್ 2016ರಲ್ಲಿ ಪ್ರೊಜೋರೋ ಅನ್ನೋ ತನ್ನ ಇ-ಸಂಗ್ರಹಣೆ ಪೋರ್ಟಲ್ ಬಳಕೆಯನ್ನು ಎಲ್ಲ ಸರ್ಕಾರಿ ಖರೀದಿದಾರರಿಗೂ ಕಡ್ಡಾಯ ಮಾಡಿತು. ಆದರೆ ಸುಮ್ನೆ ವ್ಯವಸ್ಥೆ ತಂದು ಹಾಕಿದರೆ ಅರ್ಧ ಕೆಲಸ ಅಷ್ಟೇ. ಉಕ್ರೇನಿನಲ್ಲಿ ಅದೇ ವರ್ಷ ದೊಜೋರೋ ಅನ್ನೋ ನಿಗಾ ವೇದಿಕೆಯೂ ಬಂತು, ಟೆಂಡರಿನಲ್ಲಿ ತಪ್ಪು ಕಂಡವರು ಅಲ್ಲಿ ಎತ್ತಿ ತೋರಿಸಬಹುದು. ಆ ಭಾಗವನ್ನು ಬಿಟ್ಟು ಬರೀ ಪೋರ್ಟಲ್ ನಕಲು ಮಾಡಿದರೆ, ಮಾಹಿತಿ ಇರುತ್ತದೆ, ನೋಡುವವರು ಇರುವುದಿಲ್ಲ.

ಹಾಗಾಗಿ ಬೇರೆ ದೇಶದ ಅಧಿಕಾರಿಗಳ ಜೊತೆ ಕೂತು ಕಲಿಯುವ ಇಂಥ ಭೇಟಿಗೆ ಹೋಗುವವರು ಗೆದ್ದ ಕಥೆಗಿಂತ ರದ್ದಾದ ಒಂದು ಟೆಂಡರಿನ ಕಡತ ಒಯ್ಯುವುದು ಜಾಸ್ತಿ ಉಪಯೋಗ. ಬಿಡ್‌ದಾರರ ಹೆಸರು, ಅವರ ಬೆಲೆ ವಿವರ ಮೊದಲೇ ತೆಗೆದಿಡಬೇಕು. ಷರತ್ತುಗಳನ್ನು ಮಾತ್ರ ಇದ್ದ ಹಾಗೇ ಬಿಡಬೇಕು, ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.