ಬ್ರೇಕ್ ಬೋಲ್ಟ್ ಸುಮ್ನೆ ಸುತ್ತುತ್ತಾ ಇದ್ರೆ

ಭಾನುವಾರ ನಂದಿ ಬೆಟ್ಟ ಹತ್ತೋ ಸೈಕಲ್‌ಗಳೆಲ್ಲ ಶನಿವಾರ ಸಂಜೆ ನನ್ನ ಅಂಗಡಿ ಮುಂದೆ ನಿಂತಿರ್ತವೆ. ಮೊನ್ನೆ ಒಬ್ಬ ಹುಡುಗ ಸೈಕಲ್ ತಳ್ಕೊಂಡು ಬಂದ, ಮುಂದಿನ ಬ್ರೇಕ್ ಕ್ಯಾಲಿಪರ್, ಅಂದ್ರೆ ಡಿಸ್ಕನ್ನ ಒತ್ತಿ ಹಿಡಿಯೋ ಭಾಗ, ಅದರ ಹೋಸ್ ಪೈಪಲ್ಲಿ ಜೋತಾಡ್ತಾ ಇತ್ತು. "ಅಣ್ಣಾ, ಡಿಸ್ಕ್ ಸರ್ ಸರ್ ಅಂತ ಉಜ್ತಿತ್ತು, ಇನ್ನೊಂಚೂರು ಟೈಟ್ ಮಾಡೋಣ ಅಂತ ತಿರುಗಿಸ್ದೆ, ಮೊದ್ಲು ಬಿಗಿಯಾಯ್ತು, ಆಮೇಲೆ ಬೆಣ್ಣೆ ಥರ ಸುತ್ತೋಕೆ ಶುರುವಾಯ್ತು" ಅಂದ. ಬೋಲ್ಟ್ ಬಿಚ್ಚಿ ನೋಡಿದ್ರೆ ಅದರ ಥ್ರೆಡ್ (ತಿರುಪು ಗೆರೆ) ಸಂದಿಯಲ್ಲಿ ಬೆಳ್ಳಗೆ ಸ್ಪ್ರಿಂಗ್ ಥರ ಲೋಹದ ಎಳೆ ಸುತ್ಕೊಂಡಿತ್ತು. ಅದೇ ಫೋರ್ಕಿನ (ಮುಂದಿನ ಚಕ್ರ ಹಿಡಿಯೋ ಕವಲು) ಥ್ರೆಡ್ಡು, ಪೂರ್ತಿ ಕಿತ್ಕೊಂಡು ಬಂದಿದೆ.

ಇಂಥ ಕೇಸಲ್ಲಿ ಬೋಲ್ಟ್‌ಗೆ ಏನೂ ಆಗಿರಲ್ಲ, ಅದು ಸ್ಟೀಲ್. ತೂತು ಇರೋದು ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂನಲ್ಲಿ, ಸಸ್ಪೆನ್ಷನ್ ಫೋರ್ಕಿನ ಕೆಳಗಿನ ಕಾಲು ತುಂಬಾ ಸಲ ಮೆಗ್ನೀಸಿಯಂದೇ ಆಗಿರುತ್ತೆ. ಎಂ6 ಅಂದ್ರೆ 6 ಎಂಎಂ ದಪ್ಪದ ಬೋಲ್ಟ್, 5 ಎಂಎಂ ಅಲೆನ್ ಕೀ, ಟೈಟ್ ಮಾಡ್ಬೇಕಾಗಿರೋದು 6ರಿಂದ 8 ನ್ಯೂಟನ್ ಮೀಟರ್ ಅಷ್ಟೇ. ಅಂದ್ರೆ 10 ಸೆಂಟಿಮೀಟರ್ ಉದ್ದದ ಅಲೆನ್ ಕೀ ತುದಿಗೆ ಏಳು ಕೆಜಿ ಅಕ್ಕಿ ಚೀಲ ನೇತು ಹಾಕಿದಷ್ಟು, ನಮ್ಮ ಹುಡುಗರು ಜಿಮ್‌ನಿಂದ ನೇರ ಬಂದು ಅದ್ರ ಡಬಲ್ ಹಾಕ್ತಾರೆ. ಸರಿಯಾಗಿ 7 ಹಾಕಿದ್ರೇ ಆ ಚಿಕ್ಕ ಬೋಲ್ಟು ಕ್ಯಾಲಿಪರನ್ನ ಅರ್ಧ ಟನ್‌ಗಿಂತ ಜಾಸ್ತಿ ಬಲದಲ್ಲಿ ಒತ್ತಿ ಹಿಡಿಯುತ್ತೆ.

ಈ ಒತ್ತೋದೇ ಇಲ್ಲಿ ಎಲ್ಲಾ. ಕ್ಯಾಲಿಪರ್‌ನಲ್ಲಿ ಬೋಲ್ಟ್ ಹೋಗೋ ತೂತು ದುಂಡಗಿಲ್ಲ ನೋಡಿ, ಉದ್ದುದ್ದ ಇರುತ್ತೆ, ಎಡಕ್ಕೆ ಬಲಕ್ಕೆ ಸರಿಸಿ ಡಿಸ್ಕ್ ಮಧ್ಯಕ್ಕೆ ತರ್ಲಿ ಅಂತ. ಹಾಗಾಗಿ ಅದು ಜಾಗ ಬಿಟ್ಟು ಕದಲದೇ ಇರೋದು ಬೋಲ್ಟಿನ ಬಿಗಿಯಿಂದ ಮಾತ್ರ, ಬೇರೆ ಯಾವ ಆಸರೆನೂ ಇಲ್ಲ. ಟೆಫ್ಲಾನ್ ಟೇಪ್ ಸುತ್ತೋರು, ಅಂಟು ಹಾಕಿ ಬೋಲ್ಟ್ ಕೂರಿಸೋರು, ಬೆಂಕಿಕಡ್ಡಿ ತುರುಕೋರನ್ನೂ ನೋಡಿದೀನಿ, ಕೈಯಲ್ಲಿ ಅಲ್ಲಾಡಿಸಿದ್ರೆ ಗಟ್ಟಿ ಇರುತ್ತೆ ಬೆಟ್ಟ ಇಳಿಯೋವಾಗ ಬ್ರೇಕ್ ಹಿಡಿದ್ರೆ ಬಿಟ್ಕೊಳುತ್ತೆ. ಬಾಗಿಲ ಚಿಲಕಕ್ಕೆ ಮಾಡೋ ಕೆಲಸ ಮುಂದಿನ ಬ್ರೇಕಿಗೆ ಮಾಡ್ಬೇಡಿ.

ಮೊದಲು ಹಾಳಾಗಿರೋದು ಯಾವ ತೂತು ಅಂತ ನೋಡ್ಕೊಳ್ಳಿ. ಕ್ಯಾಲಿಪರ್‌ಗೂ ಫೋರ್ಕಿಗೂ ನಡುವೆ ಅಡಾಪ್ಟರ್ ಅನ್ನೋ ಜೋಡಿಸೋ ತುಂಡು ಇದ್ದು ಅದರ ಥ್ರೆಡ್ ಹೋಗಿದ್ರೆ ನೀವು ಬಚಾವ್, ಅಡಾಪ್ಟರ್ ಹೊಸದು ಹಾಕಿದ್ರೆ ಮುಗೀತು. ಕ್ಯಾಲಿಪರ್ ಕೂರಿಸೋ ಹಳೇ ವಿಧಾನ ಐಎಸ್ ಮೌಂಟ್ ನಂಗೆ ಇಷ್ಟ ಆಗೋದು ಇದಕ್ಕೇ, ಫೋರ್ಕಲ್ಲಿ ಥ್ರೆಡ್ಡೇ ಇಲ್ಲ, ಬರೀ ತೂತು. ಆಮೇಲೆ ಹೆಚ್ಚು ಬಳಕೆಗೆ ಬಂದ ಪೋಸ್ಟ್ ಮೌಂಟ್‌ನಲ್ಲಿ ಥ್ರೆಡ್ಡನ್ನ ಫೋರ್ಕಿಗೇ ಕೊರೆದ್ರು, ಅಡ್ಜಸ್ಟ್ ಮಾಡೋದು ಸುಲಭ ಆಯ್ತು, ಹಾಳಾದ್ರೆ ಮಾತ್ರ ದುಬಾರಿ ಪಾರ್ಟೇ ಹಾಳು. ಕಾರ್ಬನ್ ಫೋರ್ಕ್ ಆದ್ರೆ ಡ್ರಿಲ್ ಮುಟ್ಲೇಬೇಡಿ, ಅದ್ರೊಳಗೆ ಅಂಟಿಸಿರೋ ಲೋಹದ ತುಂಡು ಇರುತ್ತೆ, ಅದು ಬೇರೆ ವಿದ್ಯೆ.

ಇನ್ನೊಂದು, ಹಳೇ ಸ್ಪೋಕ್ ಕಡ್ಡಿ ತೂತೊಳಗೆ ಇಳಿಸಿ ಆಳ ಅಳೀರಿ. ಎಷ್ಟೋ ಸಲ ಮೇಲಿನ ನಾಲ್ಕೈದು ಸುತ್ತು ಮಾತ್ರ ಹೋಗಿರುತ್ತೆ, ಯಾಕಂದ್ರೆ ಯಾರೋ ಗಿಡ್ಡ ಬೋಲ್ಟ್ ಹಾಕಿರ್ತಾರೆ, ಒಳಗೆ ಮುಟ್ಟದೇ ಇರೋ ಥ್ರೆಡ್ ಇನ್ನೂ ಇರುತ್ತೆ. ಕನಿಷ್ಠ 9 ಎಂಎಂ ಒಳ್ಳೇ ಥ್ರೆಡ್ ಸಿಕ್ಕಿದ್ರೆ ಉದ್ದ ಬೋಲ್ಟ್ ಸಾಕು, ಆದ್ರೆ ಅದು ತಳ ಮುಟ್ಬಾರದು, ಮುಟ್ಟಿದ್ರೆ ಕೈಗೆ ಬಿಗಿ ಸಿಗುತ್ತೆ, ಕ್ಯಾಲಿಪರ್ ಮಾತ್ರ ಸಡಿಲ.

ಹುಡುಗನ ಫೋರ್ಕಲ್ಲಿ ಏನೂ ಉಳಿದಿರಲಿಲ್ಲ, ಹೆಲಿಕಾಯಿಲ್ ಹಾಕ್ದೆ. ದೊಡ್ಡ ಬೋಲ್ಟ್ ಹಾಕ್ಬಹುದಲ್ವಾ ಅಂತ ಕೇಳ್ತಾರೆ, ಎಂ8 ಕ್ಯಾಲಿಪರಿನ ತೂತಲ್ಲೇ ತೂರಲ್ಲ. ಹೆಲಿಕಾಯಿಲ್ ಅಂದ್ರೆ ಸ್ಟೇನ್‌ಲೆಸ್ ತಂತಿಯ ಸ್ಪ್ರಿಂಗು, ಹೊರಗಡೆ ದೊಡ್ಡ ಥ್ರೆಡ್ಡಿಗೆ ಕೂರುತ್ತೆ ಒಳಗಡೆ ಅದೇ ಎಂ6 ಸಿಗುತ್ತೆ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಟೂಲ್ಸ್ ಅಂಗಡೀಲಿ ಕಿಟ್ ಕೇಳಿ, ಡ್ರಿಲ್ಲು, ಥ್ರೆಡ್ ಕೊರೆಯೋ ಟ್ಯಾಪು, ಸ್ಪ್ರಿಂಗ್ ಕೂರಿಸೋ ಕಡ್ಡಿ ಎಲ್ಲಾ ಅದ್ರಲ್ಲೇ ಬರುತ್ತೆ. ಚಕ್ರ, ಕ್ಯಾಲಿಪರ್ ಎರಡನ್ನೂ ದೂರ ಇಡಿ, ಒಂದು ತೊಟ್ಟು ಎಣ್ಣೆ ಬ್ರೇಕ್ ಪ್ಯಾಡಿಗೆ ಬಿದ್ರೆ ಅದರ ಕಥೆ ಮುಗೀತು. ನಾನು ಫೋರ್ಕ್ ಬಿಚ್ಚಿ ಪಿಲ್ಲರ್ ಡ್ರಿಲ್ ಕೆಳಗೆ ಕಟ್ತೀನಿ, ಕೈ ಡ್ರಿಲ್ ಒಂಚೂರು ವಾಲಿದ್ರೂ ಬೋಲ್ಟ್ ಓರೆ ಆಗುತ್ತೆ. ಡ್ರಿಲ್ 6.3 ಎಂಎಂ, ಬಿಟ್ಟಿಗೆ ಹಳೇ ತೂತಿನ ಆಳಕ್ಕೆ ಟೇಪ್ ಸುತ್ತಿ, ಅದಕ್ಕಿಂತ ಮುಂದೆ ಹೋಗ್ಬಾರದು. ಮೆಗ್ನೀಸಿಯಂ ಪುಡಿಗೆ ಕಿಡಿ ತಗುಲಿದ್ರೆ ಹೊತ್ಕೊಳುತ್ತೆ, ಹತ್ರ ಗ್ರೈಂಡರ್ ಬೇಡ, ಪುಡಿ ಗುಡ್ಡೆ ಹಾಕ್ಬೇಡಿ.

ಟ್ಯಾಪ್ ಅವಸರದ ಕೆಲಸ ಅಲ್ಲ. ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ, ನಡುನಡುವೆ ಹೊರಗೆ ತೆಗೆದು ಬ್ರಷ್ ಮಾಡಿ, ಟ್ಯಾಪ್ ಒಳಗೆ ಮುರಿದ್ರೆ ಆಗ ಮಾತ್ರ ಫೋರ್ಕ್ ನಿಜವಾಗ್ಲೂ ಹೋಯ್ತು. ಸ್ಪ್ರಿಂಗ್ ಮೇಲ್ಮೈಗಿಂತ ಅರ್ಧ ಸುತ್ತು ಒಳಗೆ ಇಳಿಯೋವರೆಗೆ ತಿರುಗಿಸಿ, ತಳದಲ್ಲಿರೋ ಸಣ್ಣ ಕೊಕ್ಕೆಯನ್ನ ಪಂಚ್‌ನಲ್ಲಿ ಟಕ್ ಅಂತ ಮುರಿದು ಆ ಚೂರನ್ನ ಹೊರಗೆ ತೆಗೀರಿ. ಇಷ್ಟಾದ ಮೇಲೆ ಆ ತೂತು ಹೊಸದಿದ್ದಾಗ ಇದ್ದದ್ದಕ್ಕಿಂತ ಗಟ್ಟಿ, ಅದಕ್ಕೇ ಚೆನ್ನಾಗಿರೋ ಇನ್ನೊಂದು ತೂತಿಗೂ ಹಾಕಿ ಅಂತ ಕೇಳೋರಿದಾರೆ, ನಾನು ಹಾಕಲ್ಲ.

ಬೋಲ್ಟ್ ತಾನಾಗೇ ಸಡಿಲ ಆಗದಂಗೆ ನೀಲಿ ಲಾಕ್‌ಟೈಟ್ ಒಂದು ಹನಿ, ಬಿಗಿ ಅಳೆಯೋ ಟಾರ್ಕ್ ರೆಂಚಲ್ಲಿ 7 ನ್ಯೂಟನ್ ಮೀಟರ್, ಬೋಲ್ಟ್ ತಲೆ ಮೇಲೆ ಮಾರ್ಕರ್ ಗೀಟು. ಚಕ್ರ ಹಾಕಿ ತಿರುಗಿಸ್ದೆ. ಸರ್ ಸರ್ ಸರ್. ಹುಡುಗನ ಮುಖ ಸಪ್ಪಗಾಯ್ತು. ನೋಡಿದ್ರೆ ಡಿಸ್ಕೇ ಬಗ್ಗಿತ್ತು, ಎಲ್ಲೋ ಕಾರಿನ ಡಿಕ್ಕಿಯೊಳಗೆ ಇಟ್ಟಾಗ ಒತ್ಕೊಂಡಿರ್ಬೇಕು. ಡಿಸ್ಕ್ ನೆಟ್ಟಗೆ ಮಾಡೋ ಟ್ರೂಯಿಂಗ್ ಫೋರ್ಕ್ ಅನ್ನೋ ಟೂಲ್ ತಗೊಂಡು ಸರಿ ಮಾಡೋಕೆ ಎರಡು ನಿಮಿಷ ಆಯ್ತು, ಅದಕ್ಕೆ ದುಡ್ಡು ತಗೊಳ್ಲಿಲ್ಲ.