ಒಂದು ಊರಿನ ಒಡನಾಟವನ್ನು ಕಂಪ್ಯೂಟರಿಗೆ ಹೇಳುವುದು ಹೇಗೆ?

1905-06ರಲ್ಲಿ ಮುಂಬೈಯನ್ನು ಪ್ಲೇಗ್ ಕಾಡಿತು. ವಾರವಾರದ ಸಾವಿನ ಲೆಕ್ಕ ಮೊದಲು ಏರಿ, ಆಮೇಲೆ ಇಳಿಯಿತು. ಇಪ್ಪತ್ತು ವರ್ಷ ಕಳೆದ ಮೇಲೆ, 1927ರಲ್ಲಿ, ಕೆರ್ಮ್ಯಾಕ್ ಮತ್ತು ಮ್ಯಾಕೆಂಡ್ರಿಕ್ ಎಂಬಿಬ್ಬರು ವಿಜ್ಞಾನಿಗಳು ಆ ಏರಿಳಿತವನ್ನು ಕೆಲವೇ ಸಮೀಕರಣಗಳಲ್ಲಿ ಹಿಡಿದರು. ಜನರನ್ನು ಮೂರು ಗುಂಪು ಮಾಡಿದರು: ಸೋಂಕು ತಗುಲಬಹುದಾದವರು, ಸೋಂಕು ಇರುವವರು, ಗುಣವಾದವರು ಅಥವಾ ಸತ್ತವರು. ಇವತ್ತಿಗೂ ಸಾಂಕ್ರಾಮಿಕ ರೋಗಗಳ ಗಣಿತ ಶುರುವಾಗುವುದು ಇಲ್ಲಿಂದಲೇ.

ಆದರೆ ಆ ಸಮೀಕರಣದಲ್ಲಿ ಎಲ್ಲರೂ ಎಲ್ಲರನ್ನೂ ಒಂದೇ ಸಮ ಭೇಟಿಯಾಗುತ್ತಾರೆ. ಯಲಹಂಕದ ಶಾಲೆಯ ಮಗುವಿಗೆ ಪಕ್ಕದ ಬೆಂಚಿನ ಗೆಳತಿ ಎಷ್ಟು ಹತ್ತಿರವೋ, ಎಲೆಕ್ಟ್ರಾನಿಕ್ ಸಿಟಿಯ ರಾತ್ರಿ ಪಾಳಿಯ ಸೆಕ್ಯುರಿಟಿ ಗಾರ್ಡ್ ಕೂಡ ಅಷ್ಟೇ ಹತ್ತಿರ. ಒಟ್ಟು ಎಷ್ಟು ಜನಕ್ಕೆ ಕಾಯಿಲೆ ಬಂದೀತು ಎಂದು ಅಂದಾಜು ಮಾಡಲು ಇದು ಸಾಕಾಗಬಹುದು. ಶಾಲೆ ಮುಚ್ಚಿದರೆ ಏನಾಗುತ್ತದೆ, ಮೆಟ್ರೋ ನಿಲ್ಲಿಸಿದರೆ ಏನಾಗುತ್ತದೆ ಎಂದು ಕೇಳಿದರೆ ಈ ಲೆಕ್ಕದ ಹತ್ತಿರ ಉತ್ತರ ಇಲ್ಲ. ಅದರೊಳಗೆ ಶಾಲೆಯೂ ಇಲ್ಲ, ಮೆಟ್ರೋನೂ ಇಲ್ಲ.

ಹಾಗಾಗಿ ಜನರನ್ನು ಒಬ್ಬೊಬ್ಬರನ್ನಾಗಿ ಬರೆದುಕೊಳ್ಳಬೇಕು. ಪ್ರತಿ ವ್ಯಕ್ತಿ ಒಂದು ಚುಕ್ಕಿ, ಪ್ರತಿ ಒಡನಾಟ ಒಂದು ಗೆರೆ. ಕೇಳುವುದಕ್ಕೆ ಸುಲಭ. ಆದರೆ 1.2 ಕೋಟಿ ಜನರ ಊರಿಗೆ ಹೀಗೆ ಮಾಡಿ ನೋಡಿ. ಯಾರು ಯಾರನ್ನು ಭೇಟಿಯಾಗುತ್ತಾರೆ ಎಂದು ದೊಡ್ಡ ಕೋಷ್ಟಕ ಬರೆದರೆ ಅದರಲ್ಲಿ 144 ಲಕ್ಷ ಕೋಟಿ ಚೌಕಗಳಾಗುತ್ತವೆ. ಒಂದು ಚೌಕಕ್ಕೆ ಒಂದೇ ಬಿಟ್ (ಸೊನ್ನೆ ಇಲ್ಲವೇ ಒಂದು) ಕೊಟ್ಟರೂ 18 ಟೆರಾಬೈಟ್ ಬೇಕು. ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸೊನ್ನೆ, ಯಾಕೆಂದರೆ ಯಾರೂ ಕೋಟಿ ಜನರನ್ನು ಭೇಟಿಯಾಗುವುದಿಲ್ಲ. ಸೊನ್ನೆಗಳನ್ನು ಬಿಟ್ಟು, ಒಬ್ಬೊಬ್ಬರಿಗೂ ಅವರು ಭೇಟಿಯಾಗುವ ಹದಿನೈದು ಜನರ ಪಟ್ಟಿಯನ್ನಷ್ಟೇ ಇಟ್ಟರೆ? 18 ಕೋಟಿ ಅಂಕಿ, ಒಂದಕ್ಕೆ ನಾಲ್ಕು ಬೈಟಿನಂತೆ ಸುಮಾರು 720 ಮೆಗಾಬೈಟ್. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಹಿಡಿಯುತ್ತದೆ.

ಇದರಲ್ಲೂ ಒಂದು ತೊಡಕಿದೆ. ಮೆಟ್ರೋ ಬೋಗಿಯೊಂದರಲ್ಲಿ 300 ಜನ ನಿಂತಿದ್ದಾರೆ ಅಂದುಕೊಳ್ಳಿ. ಪ್ರತಿ ಜೋಡಿಗೂ ಗೆರೆ ಎಳೆದರೆ 44,850 ಗೆರೆಗಳು! ಅದೂ ಮೆಜೆಸ್ಟಿಕ್ ಬರುವ ತನಕ ಮಾತ್ರ, ಅಲ್ಲಿ ಅರ್ಧ ಜನ ಇಳಿದು ಬೇರೆಯವರು ಹತ್ತುತ್ತಾರೆ. ಅದಕ್ಕೇ ಊರಿನ ನಕಲನ್ನು ಕಂಪ್ಯೂಟರಿನಲ್ಲಿ ಕಟ್ಟಿ ಓಡಿಸಿ ನೋಡುವ ದೊಡ್ಡ ಸಿಮ್ಯುಲೇಷನ್‌ಗಳು ಮನುಷ್ಯರಿಂದ ಮನುಷ್ಯರಿಗೆ ಗೆರೆ ಎಳೆಯುವುದನ್ನು ಬಿಟ್ಟು, ಮನುಷ್ಯರಿಂದ ಜಾಗಕ್ಕೆ ಎಳೆಯುತ್ತವೆ. ಬೋಗಿಯೂ ಒಂದು ಚುಕ್ಕಿ. ಆಗ 300 ಗೆರೆ ಸಾಕು. ಆ ಜಾಗದಲ್ಲಿ ಸೋಂಕಿನ ಒತ್ತಡ, ಅಂದರೆ ಅಲ್ಲಿರುವ ಒಬ್ಬರಿಗೆ ಸೋಂಕು ತಗುಲುವ ಅಪಾಯ, ಎಷ್ಟಿದೆ ಎಂದು ಒಂದು ಸಲ ಲೆಕ್ಕ ಹಾಕಿ, ಅಲ್ಲಿರುವ ಎಲ್ಲರಿಗೂ ಹಂಚಿದರೆ ಆಯಿತು. 2020ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಸೇರಿ ಕೋವಿಡ್‌ಗಾಗಿ ಕಟ್ಟಿದ ಸಿಮ್ಯುಲೇಟರ್ ಈ ದಾರಿಯದ್ದೇ. ಬೆಂಗಳೂರಿನ ಕೋಟಿಗೂ ಜಾಸ್ತಿ ಜನರನ್ನು ವಾರ್ಡುವಾರು ಮನೆ, ಶಾಲೆ, ಕೆಲಸದ ಜಾಗ, ಸುತ್ತಲಿನ ಸಮುದಾಯ ಎಂದು ಹಂಚಿ, ಲಾಕ್‌ಡೌನ್ ಹೀಗಿದ್ದರೆ ಏನು, ಹಾಗಿದ್ದರೆ ಏನು ಎಂದು ಓಡಿಸಿ ನೋಡಿದರು. ನಮ್ಮದೇ ಊರಿನ ಬಗ್ಗೆ ಇಲ್ಲೇ ಕೂತು ಮಾಡಿದ ಈ ಕೆಲಸ ನನಗೆ ತುಂಬ ಹೆಮ್ಮೆಯ ವಿಷಯ.

ಜಾಗಗಳ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ಕೆಲಸದ ಜಾಗದಲ್ಲಿ 20 ಜನ ಇದ್ದದ್ದು 2,000 ಆದರೆ, ಅಲ್ಲಿರುವ ಒಬ್ಬರ ಒಡನಾಟವೂ ನೂರು ಪಟ್ಟು ಹೆಚ್ಚುತ್ತದಾ? ಇಲ್ಲ. ವೈಟ್‌ಫೀಲ್ಡಿನ ಟೆಕ್ ಪಾರ್ಕಿನಲ್ಲಿ ಎಷ್ಟೇ ಸಾವಿರ ಜನ ಇರಲಿ, ನೀವು ಮಾತಾಡುವುದು ನಿಮ್ಮ ಟೀಮಿನವರ ಜೊತೆ, ಊಟದ ಟೇಬಲ್ಲಿನವರ ಜೊತೆ. ಆದ್ದರಿಂದ ಸೋಂಕಿತರ ಸಂಖ್ಯೆಯನ್ನು ಆ ಜಾಗದಲ್ಲಿರುವ ಒಟ್ಟು ಜನರ ಸಂಖ್ಯೆಯಿಂದ ಭಾಗಿಸುತ್ತಾರೆ. ಆದರೆ ಕಿಟಕಿ ತೆರೆಯದ ಬಸ್ಸಿನಲ್ಲಿ ಜನ ಜಾಸ್ತಿಯಾದಷ್ಟೂ ಅಪಾಯ ನಿಜವಾಗಿಯೂ ಏರುತ್ತದೆ. ಅಲ್ಲಿ ಹಾಗೆ ಭಾಗಿಸಿಬಿಟ್ಟರೆ ಅರ್ಧ ಖಾಲಿ ಬಸ್ಸೂ ತುಂಬಿದ ಬಸ್ಸೂ ಒಂದೇ ಆಗಿಬಿಡುತ್ತವೆ. ಪ್ರೋಗ್ರಾಮಿನಲ್ಲಿ ಇದು ಒಂದೇ ಒಂದು ಭಾಗಾಕಾರ ಚಿಹ್ನೆ. ಬಸ್ಸಿನ ಬಗ್ಗೆ ಸಿಗುವ ಉತ್ತರವನ್ನು ಅದೇ ತಿರುಗಿಸುತ್ತದೆ.

ಇನ್ನು ಒಬ್ಬರು ಎಷ್ಟು ಜನರನ್ನು ಭೇಟಿಯಾಗುತ್ತಾರೆ ಎಂಬ ಅಂಕಿ ಎಲ್ಲಿಂದ ಬರುತ್ತದೆ? ಡೈರಿ ಬರೆಸಿ. ಯುರೋಪಿನ ಎಂಟು ದೇಶಗಳಲ್ಲಿ 7,290 ಜನ ಒಂದೊಂದು ದಿನ ತಾವು ಯಾರನ್ನು ಕಂಡೆವು ಎಂದು ಬರೆದಿಟ್ಟರು. ಪಾಲಿಮಾಡ್ ಎಂಬ ಈ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಟ್ಟು 97,904 ಭೇಟಿಗಳು, ಅಂದರೆ ತಲೆಗೆ ಹದಿಮೂರು ಚಿಲ್ಲರೆ. ಯಾವ ವಯಸ್ಸಿನವರು ಯಾವ ವಯಸ್ಸಿನವರನ್ನು ಕಾಣುತ್ತಾರೆ ಎಂಬುದು ಇದರಿಂದ ಚೆನ್ನಾಗಿ ಗೊತ್ತಾಯಿತು. ಆಮೇಲೆ ಇದೇ ಅಂಕಿಗಳನ್ನು ಆಧಾರ ಮಾಡಿಕೊಂಡು ಬೇರೆ ದೇಶಗಳಿಗೂ ಅಂದಾಜು ಕಟ್ಟಿದರು, ಭಾರತಕ್ಕೂ.

ಬರೀ ಸರಾಸರಿಯನ್ನು ನಂಬಿದರೆ ರೋಗದ ವೇಗ ಕಾಣುವುದಿಲ್ಲ. ಹತ್ತು ಜನರಲ್ಲಿ ಒಂಬತ್ತು ಮಂದಿ ದಿನಕ್ಕೆ ಹತ್ತು ಜನರನ್ನು ಕಾಣುತ್ತಾರೆ, ಹತ್ತನೆಯವರು ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಾರೆ, ನೂರು ಜನರನ್ನು ಕಾಣುತ್ತಾರೆ ಎನ್ನೋಣ. ಸರಾಸರಿ 19. ಆದರೆ ರೋಗ ಒಡನಾಟದ ಗೆರೆ ಹಿಡಿದೇ ಹೋಗುತ್ತದೆ. ಹಾಗೆ ಹೋಗುವಾಗ ಹೆಚ್ಚು ಗೆರೆ ಇರುವವರನ್ನೇ ಹೆಚ್ಚು ಸಲ ಮುಟ್ಟುತ್ತದೆ. ಸುಮ್ನೆ ಒಂದು ಗೆರೆ ಹಿಡಿದು ಹೋದರೆ, ಅದರ ತುದಿಯಲ್ಲಿ ಸಿಗುವವರ ಸರಾಸರಿ ಒಡನಾಟ 57 ದಾಟುತ್ತದೆ. ಹೂವಿನವರಿಗೆ ಕಾಯಿಲೆ ಮೊದಲು ಬರುತ್ತದೆ, ಅವರಿಂದ ಬೇಗ ಹರಡುತ್ತದೆ. ಲಸಿಕೆ ಮೊದಲು ಯಾರಿಗೆ ಎಂದು ಕೇಳುವಾಗ ಅವರ ಹೆಸರು ಬರಲೇಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಬಿಟ್ಟುಹೋಗುವ ಗೆರೆಗಳು. ಎಷ್ಟೋ ಮಾದರಿಗಳಲ್ಲಿ ಒಬ್ಬ ವ್ಯಕ್ತಿಗೆ ಒಂದು ಮನೆ, ಒಂದು ಕೆಲಸದ ಜಾಗ. ಬಿಟಿಎಂ ಲೇಔಟಿನ ಪಿಜಿಯನ್ನು ಎಲ್ಲಿ ಹಾಕುವುದು? ಅಲ್ಲಿ ಒಂದು ರೂಮಿನಲ್ಲಿ ಮೂವರು, ಮೂರೂ ಜನ ಬೇರೆ ಬೇರೆ ಆಫೀಸು, ಊಟ ಮಾತ್ರ ಒಂದೇ ಹಾಲಿನಲ್ಲಿ. ಕುಟುಂಬ ಎಂದು ಬರೆದರೆ ವಯಸ್ಸಿನ ಲೆಕ್ಕವೇ ತಪ್ಪುತ್ತದೆ. ಮನೆಗೆಲಸದವರು ಜಯನಗರದಲ್ಲಿ ಬೆಳಗ್ಗೆಯಿಂದ ನಾಲ್ಕು ಮನೆ ಮುಗಿಸಿ ತಮ್ಮ ವಠಾರಕ್ಕೆ ಮರಳುತ್ತಾರೆ. ಒಬ್ಬರ ಓಡಾಟದಲ್ಲಿ ಐದು ಕುಟುಂಬಗಳು ಜೋಡಣೆಯಾಗುತ್ತವೆ. ಪ್ರೋಗ್ರಾಮಿನಲ್ಲಿ ಕೆಲಸದ ಜಾಗಕ್ಕೆ ಒಂದೇ ಅಂಕಿ ಬರೆಯಲು ಅವಕಾಶ ಇದ್ದರೆ, ಆ ನಾಲ್ಕರಲ್ಲಿ ಮೂರು ಮನೆ ಅಳಿಸಿಹೋಗುತ್ತವೆ. ಒಂದು ಅಂಕಿಯ ಬದಲು ಒಂದು ಪಟ್ಟಿ ಇಡುವುದು ದೊಡ್ಡ ಕೆಲಸವಲ್ಲ.

2020ರಲ್ಲಿ ಎಷ್ಟೋ ಅಪಾರ್ಟ್‌ಮೆಂಟುಗಳು ಮನೆಗೆಲಸದವರನ್ನು ಗೇಟಿನಲ್ಲೇ ತಡೆದವು. ಎಷ್ಟೋ ಜನರ ಸಂಬಳವೂ ಅಲ್ಲಿಗೇ ನಿಂತಿತು. ಆ ಪಟ್ಟಿ ಇರುವ ಮಾದರಿಯಲ್ಲಿ ಇದನ್ನು ಓಡಿಸಿ ನೋಡಬಹುದು. ಅವರನ್ನು ಪೂರ್ತಿ ತಡೆದರೆ ಸೋಂಕು ಎಷ್ಟು ಇಳಿಯುತ್ತದೆ? ಪೂರ್ತಿ ಸಂಬಳ ಕೊಟ್ಟು ದಿನಕ್ಕೊಂದೇ ಮನೆಗೆ ಬರಲು ಹೇಳಿದರೆ ಎಷ್ಟು? ಮನೆಯವರೇ ಮಾಸ್ಕ್ ಹಾಕಿಕೊಂಡು ಕಿಟಕಿ ತೆರೆದಿಟ್ಟರೆ ಎಷ್ಟು? ಯಾರ ಕಡೆಯಿಂದ ಯಾರ ಕಡೆಗೆ ಸೋಂಕು ಹೆಚ್ಚು ಹೋಗುತ್ತದೆ ಎಂಬುದನ್ನೂ ಅದರಲ್ಲೇ ಎಣಿಸಬಹುದು.