ಘಾಟ್ ಹೆಂಗೈತ್ರೀ? ರಸ್ತೆ ಸುದ್ದಿ ಹೇಳುವ ಫೋನ್ ನಂಬರ್

ಪುಣೆಯಿಂದ ಮುಂಬೈಗೆ ಗಾಡಿ ತೆಗೆಯುವ ಕನ್ನಡಿಗರು ಬೆಳಿಗ್ಗೆಯೇ ಹೊರಟ ಪರಿಚಯದವರಿಗೆ ಫೋನ್ ಹಚ್ಚಿ "ಘಾಟ್ ಹೆಂಗೈತ್ರೀ?" ಎಂದು ಕೇಳುವುದುಂಟು. ಮೊಬೈಲ್ ಮ್ಯಾಪ್ ಇದೆ, ನಿಜ. ಅದರಲ್ಲಿ ದಾರಿಯ ಖಂಡಾಲಾ ಘಾಟ್ ಕೆಂಪಗೆ ಕಾಣುತ್ತದೆ. ಆದರೆ ಕಂಟೇನರ್ ಮಗುಚಿದೆಯೋ, ರಸ್ತೆಗೆ ಅಡ್ಡಲಾಗಿ ಮೇಲೆ ನಿಲ್ಲುವ ಕಬ್ಬಿಣದ ಕಮಾನು (ಗ್ಯಾಂಟ್ರಿ) ಕೂರಿಸಲು ರಸ್ತೆ ಬಂದ್ ಮಾಡಿದ್ದಾರೋ, ಯಾವಾಗ ಬಿಡುತ್ತಾರೋ, ಇದನ್ನು ಬಾಯಿಬಿಟ್ಟು ಹೇಳುವವರು ಬೇಕು.

ಅಮೆರಿಕದಲ್ಲಿ ಈ ಕೆಲಸಕ್ಕೆ ಒಂದು ಕಾಲಕ್ಕೆ 300ಕ್ಕೂ ಹೆಚ್ಚು ಬೇರೆ ಬೇರೆ ನಂಬರ್‌ಗಳಿದ್ದವು. ಯಾರು ನೆನಪಿಡುತ್ತಾರೆ? 2000ದ ಜುಲೈನಲ್ಲಿ ಅಲ್ಲಿನ ಸಂಪರ್ಕ ಆಯೋಗ ಇಡೀ ದೇಶಕ್ಕೆ 511 ಅಂತ ಒಂದೇ ನಂಬರ್ ಕೊಟ್ಟಿತು. ಮರುವರ್ಷ ಸಿನ್ಸಿನಾಟಿ ನಗರದ ಸುತ್ತಮುತ್ತ ಅದು ಶುರುವಾಯಿತು. ನಡೆಸುವ ಹೊಣೆ ಮಾತ್ರ ರಾಜ್ಯಗಳದ್ದು, ಊರುಗಳದ್ದು.

ನಂಬರ್ ಕೊಡುವುದು ಸುಲಭ, ನಡೆಸುವುದು ಕಷ್ಟ. ಮೂರಂಕಿ ಒತ್ತಿದ ಕೂಡಲೇ ಫೋನ್ ಕಂಪನಿಯ ಯಂತ್ರ ಅದನ್ನು ಹತ್ತಿರದ ಕೇಂದ್ರದ ಪೂರ್ತಿ ನಂಬರಿಗೆ ಬದಲಾಯಿಸಬೇಕು. ಮನೆಯ ಫೋನಾದರೆ ಜಾಗ ಗೊತ್ತು. ಮೊಬೈಲಿನದ್ದೇ ತಕರಾರು, ಯಾವ ಟವರ್ ಹಿಡಿದಿದೆಯೋ ಆ ಕಡೆಗೇ ಕರೆ ಹೋಗುತ್ತದೆ. ಟವರಿಗೆ ರಾಜ್ಯದ ಗಡಿ ಗೊತ್ತಾ? ಬೆಳಗಾವಿಯಿಂದ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟಿನಲ್ಲಿ ಇಂಥ ನಂಬರ್ ಒತ್ತಿದರೆ ಯಾವ ರಾಜ್ಯದವರು ಎತ್ತುತ್ತಾರೋ! ಅದಕ್ಕೇ "ಯಾವ ರಸ್ತೆ?" ಎಂದು ಮೊದಲು ಕೇಳಿಬಿಡುವುದು ವಾಸಿ.

ರಸ್ತೆ ಯಾರದ್ದು ಅನ್ನುವುದು ಇನ್ನೊಂದು ಗೋಜಲು. ನಮ್ಮಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ 1033 ಇದೆ. ಆದರೆ ಅದು ಹೆಚ್ಚಾಗಿ ಅಪಘಾತ, ಕೆಟ್ಟುನಿಂತ ಗಾಡಿ, ದೂರುಗಳಿಗೆ. 2002ರಲ್ಲಿ ಪೂರ್ತಿ ತೆರೆದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಮಹಾರಾಷ್ಟ್ರದ ರಸ್ತೆ ಅಭಿವೃದ್ಧಿ ನಿಗಮದ್ದು. ಸ್ಟಿಯರಿಂಗ್ ಹಿಡಿದವನಿಗೆ ಈ ಪಾಲುಪಟ್ಟಿ ಕಟ್ಟಿಕೊಂಡು ಏನಾಗಬೇಕು?

ಎಲ್ಲಕ್ಕಿಂತ ಕಷ್ಟದ್ದು ಸುದ್ದಿಯನ್ನು ತಾಜಾ ಇಡುವುದು. ಡಾಂಬರನ್ನು ತೆಳ್ಳಗೆ ಕೊರೆದು ತಂತಿಯ ಸುರುಳಿ ಹೂತಿರುತ್ತಾರೆ. ಮೇಲೆ ಗಾಡಿ ಬಂದಾಗ ಅದರ ಲೋಹದಿಂದ ಸುರುಳಿಯ ವಿದ್ಯುತ್ ಗುಣ ತುಸು ಬದಲಾಗುತ್ತದೆ, ಎಣಿಕೆ ಬೀಳುತ್ತದೆ. ಜೊತೆಗೆ ಕ್ಯಾಮೆರಾ, ಗಸ್ತು ವಾಹನದವರ ಫೋನ್. ಜಾಮ್ ಆದದ್ದನ್ನು ಎಲ್ಲರೂ ಕೂಡಲೇ ಹೇಳುತ್ತಾರೆ. ಬಿಟ್ಟದ್ದನ್ನು ಹೇಳುವವರು ಕಡಿಮೆ. ಕ್ರೇನ್ ಬಂದು ಕಂಟೇನರ್ ಎತ್ತಿಕೊಂಡು ಹೋದ ಮೇಲೂ "ರಸ್ತೆ ಬಂದ್" ಅಂತ ಹಳೇ ಧ್ವನಿ ಮೊಳಗುತ್ತಿದ್ದರೆ ಜನ ಮತ್ತೆ ಆ ನಂಬರ್ ಒತ್ತುವುದಿಲ್ಲ. ಆದ್ದರಿಂದ ಪ್ರತಿ ಸಂದೇಶಕ್ಕೂ ತಾನಾಗಿ ಅಳಿಯುವ ಹೊತ್ತು ಗೊತ್ತುಮಾಡಬೇಕು.

ದೊಡ್ಡ ಅವಘಡವಾದರೆ "ಒಂದು ಒತ್ತಿ, ಎರಡು ಒತ್ತಿ" ಶುರುವಾಗುವ ಮೊದಲೇ ಅದರ ಸುದ್ದಿ ಬರಬೇಕು. ಪುಣೆಯಿಂದ ಬರುವವರಿಗೆ, ಘಾಟಿಗೆ ಮುಂಚೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಇಳಿಯುವ ಲೋಣಾವಳದ ತಿರುವು ದಾಟುವ ಮುಂಚೆಯೇ ಗೊತ್ತಾಗಬೇಕು. ಗಾಡಿ ಓಡಿಸುವವರು ಫೋನ್ ಹಿಡಿಯುವಂತಿಲ್ಲವಾದ್ದರಿಂದ ಪಕ್ಕದ ಸೀಟಿನವರೇ ಕೇಳಬೇಕು. ಘಾಟಿನಲ್ಲಿ ಹಳೇ ಹೆದ್ದಾರಿಯೂ ಸ್ವಲ್ಪ ದೂರ ಎಕ್ಸ್‌ಪ್ರೆಸ್‌ವೇಗೇ ಸೇರಿಕೊಳ್ಳುವುದರಿಂದ ಆ ತಿರುವಿನಲ್ಲಿ ಇಳಿದರೂ ಬದಲಿ ದಾರಿ ಸಿಗುತ್ತದೆ ಎಂದೇನಿಲ್ಲ. ಚಹಾ ಅಂತೂ ಸಿಗುತ್ತದೆ.